ಹಳೇ ಲ್ಯಾಪ್‌ಟಾಪ್‌ಗೆ ನಡುಮನೆಯ ಟಿವಿ

ಗುಬ್ಬಿ, ತುರುವೇಕೆರೆ, ತಿಪಟೂರು ಕಡೆಯ ಎಷ್ಟೋ ಮನೆಗಳಲ್ಲಿ ಬೀರುವಿನ ಮೇಲೆ ಎರಡು ವಸ್ತು ಅಕ್ಕಪಕ್ಕ ಕೂತಿರುತ್ತವೆ. ಒಂದು, ಮಗನೋ ಮಗಳೋ ಡಿಪ್ಲೊಮಾ, ಬಿ.ಇ. ಓದುವಾಗ ಕೊಂಡ ಲ್ಯಾಪ್‌ಟಾಪ್. ಇನ್ನೊಂದು, ಮದುವೆಯದ್ದು, ಗೃಹಪ್ರವೇಶದ್ದು, ಊರಹಬ್ಬದಲ್ಲಿ ಆಡಿದ ಪೌರಾಣಿಕ ನಾಟಕದ್ದು ಅಂತ ಕೂಡಿಟ್ಟ ಡಿವಿಡಿಗಳ ಕಟ್ಟು. ಡಿವಿಡಿ ಪ್ಲೇಯರ್ ಕೆಟ್ಟು ವರ್ಷಗಳಾದವು. ನಡುಮನೆಯ ಗೋಡೆಯ ಮೇಲಿರುವ 32 ಇಂಚಿನ ಟಿವಿಗೆ ಡಿಸ್ಕ್ ಹಾಕಲು ಜಾಗವೇ ಇಲ್ಲ. ಆದರೆ 2010ರಿಂದ 2014ರ ನಡುವೆ ಕೊಂಡ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವೂ ಇದೆ, ಟಿವಿಗೆ ಜೋಡಿಸುವ ಪೋರ್ಟೂ ಇದೆ.

ಆ ಲ್ಯಾಪ್‌ಟಾಪ್ ಬೀರುವಿನ ಮೇಲೆ ಹತ್ತಿದ್ದು ಕೆಟ್ಟಿದ್ದರಿಂದ ಅಲ್ಲ. ವಿಂಡೋಸ್ ಭಾರವಾಯಿತು, ನಿಧಾನವಾಯಿತು, ಕೊನೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ನಿಂತಿತು. ಟಿವಿಯದ್ದೂ ಇದೇ ಪಾಡು. ಗಾಜು, ಬೆಳಕು ಎಲ್ಲ ಚೆನ್ನಾಗಿರುತ್ತದೆ, ಒಳಗಿನ ಆ್ಯಪ್‌ಗಳಿಗೆ ಅಪ್‌ಡೇಟ್ ಬರುವುದು ನಿಂತುಹೋಗಿರುತ್ತದೆ. ಎರಡು ಯಂತ್ರಗಳಲ್ಲೂ ಮೊದಲು ಮುಪ್ಪಾಗಿದ್ದು ಸಾಫ್ಟ್‌ವೇರ್. ಅದನ್ನು ಬದಲಿಸುವ ಹಕ್ಕು ನಮಗಿರುವುದು ಲ್ಯಾಪ್‌ಟಾಪ್‌ನಲ್ಲಿ. ಹಾಗಾಗಿ ಟಿವಿಯನ್ನು ಬರೀ ಪರದೆ ಅಂತ ಇಟ್ಟುಕೊಂಡು, ತಲೆಯ ಕೆಲಸವನ್ನು ಲ್ಯಾಪ್‌ಟಾಪ್‌ಗೆ ಒಪ್ಪಿಸುವುದೇ ಸರಿಯಾದ ದಾರಿ.

ಮೊದಲು ಲ್ಯಾಪ್‌ಟಾಪ್‌ನ ಪಕ್ಕೆಯನ್ನು ನೋಡಿ. ಎಚ್‌ಡಿಎಂಐ ಇದ್ದರೆ ಅರ್ಧ ಕೆಲಸ ಮುಗಿದಂತೆ, ಚಿತ್ರ ಮತ್ತು ಶಬ್ದ ಎರಡೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ನಡುಮನೆಗೆ 3 ಮೀಟರ್ ಕೇಬಲ್ ಸಾಕು, ಮಂಚದ ಪಕ್ಕಕ್ಕೆ ತರಬೇಕಾದರೆ 5 ಮೀಟರ್. ಅದಕ್ಕಿಂತ ಉದ್ದದ ಅಗ್ಗದ ಕೇಬಲ್‌ನಲ್ಲಿ ಚಿತ್ರ ಆಗಾಗ ಕಪ್ಪಾಗಿ ಮತ್ತೆ ಬರುತ್ತದೆ, ಕೆಲವೊಮ್ಮೆ ಪರದೆಯ ತುಂಬ ಬಿಳಿ ಚುಕ್ಕಿ ಹೊಳೆಯುತ್ತವೆ. ಆಗ ಲ್ಯಾಪ್‌ಟಾಪ್‌ನ ಮೇಲೆ ಅನುಮಾನ ಪಡುವ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಎಚ್‌ಡಿಎಂಐ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ 15 ಪಿನ್ನಿನ ನೀಲಿ ವಿಜಿಎ ಪೋರ್ಟ್ ಇರುತ್ತದೆ. ಟಿವಿಯಲ್ಲೂ ವಿಜಿಎ ಇದ್ದರೆ ನೇರವಾಗಿ ಜೋಡಿಸಬಹುದು, ಆದರೆ ಅದು ಚಿತ್ರವನ್ನಷ್ಟೇ ಒಯ್ಯುತ್ತದೆ. ಶಬ್ದಕ್ಕೆ ಲ್ಯಾಪ್‌ಟಾಪ್‌ನ ಇಯರ್‌ಫೋನ್ ತೂತಿನಿಂದ ಟಿವಿಯ ಪಿಸಿ ಆಡಿಯೋ ತೂತಿಗೆ 3.5 ಮಿಲಿಮೀಟರ್ ಪಿನ್ನಿನ ಇನ್ನೊಂದು ವೈರ್ ಬೇಕು. ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ವಿಜಿಎಯನ್ನು ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಕೊಳ್ಳಬೇಕು. ಇಲ್ಲಿ ದುಡ್ಡು ದಂಡವಾಗುವ ಎರಡು ತಪ್ಪುಗಳಿವೆ. ಒಂದು, ಒಳಗೆ ಚಿಪ್ಪೇ ಇಲ್ಲದ ಬರೀ ಕೇಬಲ್ ಕೊಳ್ಳುವುದು. ವಿಜಿಎಯದ್ದು ಅನಲಾಗ್ ಸಂಕೇತ, ಎಚ್‌ಡಿಎಂಐಯದ್ದು ಡಿಜಿಟಲ್. ವೈರ್‌ಗೆ ವೈರ್ ಕೂಡಿಸಿದ ಮಾತ್ರಕ್ಕೆ ಒಂದು ಇನ್ನೊಂದಾಗುವುದಿಲ್ಲ. ಯುಎಸ್‌ಬಿಯಿಂದ ಕರೆಂಟ್ ಪಡೆಯುವ, ಆಡಿಯೋ ಪಿನ್ ಹಾಕಲು ತೂತಿರುವ ಕನ್ವರ್ಟರನ್ನೇ ಕೇಳಿ. ಎರಡನೆಯದು, ದಿಕ್ಕು ತಪ್ಪಿ ಕೊಳ್ಳುವುದು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್ ನೋಡಲು ಹಾಗೇ ಇರುತ್ತದೆ, ಆದರೆ ಉಲ್ಟಾ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ "ಲ್ಯಾಪ್‌ಟಾಪ್ ಕಡೆ ವಿಜಿಎ, ಟಿವಿ ಕಡೆ ಎಚ್‌ಡಿಎಂಐ" ಅಂತಲೇ ಹೇಳಿ. ಇನ್ನು ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದ ಟಿವಿಯ ಯುಎಸ್‌ಬಿಗೆ ಕೇಬಲ್ ಎಳೆದರೆ ಚಿತ್ರ ಬರುವುದಿಲ್ಲ. ಎರಡೂ ಕಡೆಯಿಂದ ಕರೆಂಟ್ ಕೊಡುವ ಪೋರ್ಟ್‌ಗಳನ್ನು ಹಾಗೆ ಕೂಡಿಸಲೇಬಾರದು.

ಕೇಬಲ್ ಚುಚ್ಚುವ ಮೊದಲು ಒಂದು ಎಚ್ಚರ. ಎರಡು ಪಿನ್ನಿನ ಅಡಾಪ್ಟರ್ ಹಾಕಿದ ಲ್ಯಾಪ್‌ಟಾಪ್‌ನ ಲೋಹದ ಭಾಗ ಮುಟ್ಟಿದರೆ ಕೈ ಜುಮ್ಮೆನ್ನುವುದು ಹಲವರಿಗೆ ಗೊತ್ತು. ಅಡಾಪ್ಟರ್ ಒಳಗಿನ ಕೆಪಾಸಿಟರ್‌ಗಳ ಮೂಲಕ ತುಸು ಕರೆಂಟ್ ಸೋರುತ್ತಿರುತ್ತದೆ, ಅರ್ಥಿಂಗ್ ಇಲ್ಲದಿದ್ದರೆ ಅದಕ್ಕೆ ಭೂಮಿಗಿಳಿಯುವ ದಾರಿಯಿಲ್ಲ. ಟಿವಿಯ ಹಿಂದೆ ಡಿಶ್ ವೈರೋ ಕೇಬಲ್ ವೈರೋ ಇದ್ದರೆ ಅದರ ಹೊರಕವಚ ಬೇರೆಲ್ಲೋ ನೆಲಕ್ಕೆ ತಾಗಿರುತ್ತದೆ. ಎರಡೂ ಚಾಲೂ ಇರುವಾಗ ಎಚ್‌ಡಿಎಂಐ ಚುಚ್ಚಿದರೆ ಆ ವ್ಯತ್ಯಾಸವೆಲ್ಲ ಕ್ಷಣಕಾಲ ಅದೇ ಸಣ್ಣ ಪಿನ್‌ಗಳ ಮೇಲೆ ಹರಿದು ಪೋರ್ಟ್ ಸುಟ್ಟುಹೋಗಬಹುದು. ಆದ್ದರಿಂದ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು, ಎಚ್‌ಡಿಎಂಐ ಜೋಡಿಸಿ, ಆಮೇಲೆ ಕರೆಂಟ್ ಕೊಡಿ. ಅಶ್ವಿನಿ, ಭರಣಿ ಮಳೆಯ ಕಾಲದಲ್ಲಿ ತೆಂಗಿನ ತೋಟದ ಮನೆಗಳಿಗೆ ಸಿಡಿಲಿನ ಭಯ ಹೆಚ್ಚು. ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ ಡಿಶ್ ವೈರ್, ಪ್ಲಗ್, ಎಚ್‌ಡಿಎಂಐ ಮೂರನ್ನೂ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು.

ಆಪರೇಟಿಂಗ್ ಸಿಸ್ಟಂ ವಿಚಾರದಲ್ಲಿ ನನ್ನ ಮತ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಗೆ. 2 ಜಿಬಿ ರ್‍ಯಾಮ್ ಇದ್ದರೆ ಓಡುತ್ತದೆ, 4 ಜಿಬಿ ಇದ್ದರೆ ಹಾಯಾಗಿರುತ್ತದೆ, ಡಿಸ್ಕ್‌ನಲ್ಲಿ 20 ಜಿಬಿ ಜಾಗ ಬೇಕು. ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಆಟಂ ಪ್ರೊಸೆಸರ್‌ನ ಹಳೇ ನೆಟ್‌ಬುಕ್‌ಗಳಲ್ಲಿ ಕೆಲವು 32 ಬಿಟ್‌ನವು, ಅವಕ್ಕೆ ಇದು ಕೂರುವುದಿಲ್ಲ, ಡೆಬಿಯನ್ 12ರ 32 ಬಿಟ್ ಆವೃತ್ತಿ ಬೇಕು. ಇಳಿಸಿಕೊಂಡ ಐಎಸ್‌ಒ ಫೈಲನ್ನು (ಇಡೀ ಡಿಸ್ಕ್‌ನ ನಕಲಿರುವ ಒಂದೇ ಫೈಲ್) ಬಲೇನಾ ಎಚರ್ ಅಥವಾ ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಲ್ಯಾಪ್‌ಟಾಪ್ ಆನ್ ಆಗುವಾಗ ಬೂಟ್ ಕೀ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಏಸರ್‌ನಲ್ಲಿ ಮೊದಲು ಎಫ್2 ಒತ್ತಿ ಒಳಹೋಗಿ ಎಫ್12 ಮೆನುವನ್ನು ಆನ್ ಮಾಡಬೇಕಾಗಬಹುದು. ಮಿಂಟ್ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ಇನ್‌ಸ್ಟಾಲ್ ಮಾಡುವ ಮೊದಲು ಆ ಸ್ಥಿತಿಯಲ್ಲೇ ಟಿವಿ ಜೋಡಿಸಿ ಚಿತ್ರ, ಶಬ್ದ, ವೈಫೈ ಮೂರನ್ನೂ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ, ಆಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ವೈಫೈ ಡ್ರೈವರ್ ಹಾಕಿಕೊಳ್ಳಬಹುದು. ಹಳೇ ಡಿಸ್ಕ್‌ನಲ್ಲಿರುವ ಫೋಟೋಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳದೆ ಇನ್‌ಸ್ಟಾಲ್ ಬಟನ್ ಮುಟ್ಟಬೇಡಿ. "ಡಿಸ್ಕ್ ಅಳಿಸು" ಎಂಬ ಆಯ್ಕೆ ನಿಜವಾಗಿಯೂ ಎಲ್ಲವನ್ನೂ ಅಳಿಸುತ್ತದೆ.

ಬಹಳ ದಿನ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ನೆಟ್ ಇದೆ, ಆದರೆ ಒಂದು ಸೈಟೂ ತೆರೆಯುವುದಿಲ್ಲ, ಎಲ್ಲ ಕಡೆ ಭದ್ರತೆಯ ಎಚ್ಚರಿಕೆ ಬರುತ್ತದೆ. ಮದರ್‌ಬೋರ್ಡ್‌ನ ಗುಂಡಿಯಾಕಾರದ ಸೆಲ್ ಸತ್ತು, ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ಆ ತಾರೀಖಿನ ಲೆಕ್ಕದಲ್ಲಿ ಸೈಟ್‌ಗಳ ಪ್ರಮಾಣಪತ್ರಗಳು ಇನ್ನೂ ಜಾರಿಗೇ ಬಂದಿರುವುದಿಲ್ಲ. ತಾರೀಖು ಸರಿ ಮಾಡಿದರೆ ಅಷ್ಟಕ್ಕೆ ಸರಿಹೋಗುತ್ತದೆ. ಸೆಲ್ ಬದಲಿಸಿದರೆ ಶಾಶ್ವತ ಪರಿಹಾರ, ಸಾಮಾನ್ಯವಾಗಿ ಅದು ಸಿಆರ್2032. ಮುಖ್ಯ ಬ್ಯಾಟರಿ ಉಬ್ಬಿದ್ದರೆ ಮಾತ್ರ ಎರಡನೇ ಯೋಚನೆ ಬೇಡ, ತೆಗೆದುಬಿಡಬೇಕು. ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರ್‌ನಲ್ಲಿ ಹೆಚ್ಚಿನ ಹಳೇ ಲ್ಯಾಪ್‌ಟಾಪ್‌ಗಳು ಓಡುತ್ತವೆ.

ಈಗ ಚಿತ್ರದ ವಿಷಯ. ಜೋಡಿಸಿದ ಕೂಡಲೇ ಹೆಚ್ಚಿನವರು ಮಿರರ್ ಆಯ್ಕೆ ಒತ್ತುತ್ತಾರೆ, ಲ್ಯಾಪ್‌ಟಾಪ್‌ನಲ್ಲಿ ಕಂಡದ್ದೇ ಟಿವಿಯಲ್ಲೂ ಕಾಣಲಿ ಅಂತ. ಚಿತ್ರ ಕೆಡುವುದು ಅಲ್ಲಿಂದಲೇ. ಆ ಕಾಲದ ಲ್ಯಾಪ್‌ಟಾಪ್ ಪರದೆ 1366x768, ಫುಲ್ ಎಚ್‌ಡಿ ಟಿವಿ 1920x1080. ಎರಡಕ್ಕೂ ಹೊಂದುವ ಅಳತೆ ಹುಡುಕುತ್ತಾ ಕಂಪ್ಯೂಟರ್ ಎಷ್ಟೋ ಸಲ 1024x768ಕ್ಕೆ ಇಳಿಯುತ್ತದೆ. ಆಗ ಟಿವಿಯಲ್ಲಿ ಅಕ್ಷರ ಮಸುಕು, ಮುಖಗಳೆಲ್ಲ ಅಗಲ. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಲ್ಯಾಪ್‌ಟಾಪ್ ಪರದೆಯನ್ನು ಆಫ್ ಮಾಡಿ, ಟಿವಿಯನ್ನೊಂದೇ ಉಳಿಸಿ 1920x1080 ಕೊಡಿ. ಟಿವಿ 4ಕೆ ಆಗಿದ್ದರೂ ಇದೇ ಅಳತೆ ಇರಲಿ. ಆ ಕಾಲದ ಎಚ್‌ಡಿಎಂಐ 4ಕೆ ಕೊಡುವುದೇ ಇಲ್ಲ, ಕೊಟ್ಟರೂ ಸೆಕೆಂಡಿಗೆ 30 ಚಿತ್ರಕ್ಕೆ ನಿಲ್ಲುತ್ತದೆ.

ಅಂಚು ಕತ್ತರಿಸಿಹೋಗುವುದು ಇನ್ನೊಂದು ದೂರು. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣುತ್ತದೆ, ಮೂಲೆಯ ಗಡಿಯಾರ ಕಾಣುವುದೇ ಇಲ್ಲ. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಹಳೇ ಪಿಕ್ಚರ್ ಟ್ಯೂಬ್ ಕಾಲದಲ್ಲಿ ಚಿತ್ರದ ಅಂಚು ಒರಟಾಗಿರುತ್ತಿದ್ದುದರಿಂದ ಅದನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು, ಆ ರೂಢಿ ಎಲ್‌ಇಡಿ ಟಿವಿಗಳಿಗೂ ಬಂದುಬಿಟ್ಟಿದೆ. ಮದ್ದು ಟಿವಿಯ ರಿಮೋಟ್‌ನಲ್ಲೇ ಇದೆ: ಪಿಕ್ಚರ್ ಸೈಜ್ ಮೆನುವಿನಲ್ಲಿ ಸ್ಯಾಮ್‌ಸಂಗ್‌ನವರು ಸ್ಕ್ರೀನ್ ಫಿಟ್, ಎಲ್‌ಜಿಯವರು ಜಸ್ಟ್ ಸ್ಕ್ಯಾನ್ ಎನ್ನುತ್ತಾರೆ. ಆ ಎಚ್‌ಡಿಎಂಐ ಇನ್‌ಪುಟ್‌ಗೆ ಪಿಸಿ ಎಂದು ಹೆಸರು ಬದಲಿಸುವ ಅವಕಾಶವಿದ್ದರೆ ಅದನ್ನೂ ಮಾಡಿ. ಟಿವಿ ತನ್ನ ಬಣ್ಣದ ಕಸರತ್ತನ್ನು ಬಿಡುತ್ತದೆ, ಅಕ್ಷರ ಚೂಪಾಗುತ್ತದೆ, ಮೌಸ್ ಬೇಗ ಸ್ಪಂದಿಸುತ್ತದೆ.

ಚಿತ್ರ ಬಂತು, ಶಬ್ದ ಲ್ಯಾಪ್‌ಟಾಪ್‌ನಲ್ಲೇ ಉಳಿಯಿತು. ಎಲ್ಲರೂ ಒಮ್ಮೆ ಇಲ್ಲಿ ಎಡವುತ್ತಾರೆ. ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ತೆರೆದು ಕಾನ್ಫಿಗರೇಷನ್ ಹಾಳೆಯಲ್ಲಿ ಪ್ರೊಫೈಲನ್ನು ಡಿಜಿಟಲ್ ಸ್ಟೀರಿಯೋ ಎಚ್‌ಡಿಎಂಐ ಔಟ್‌ಪುಟ್‌ಗೆ ಬದಲಿಸಬೇಕು. ಆ ಸಾಲಿನ ಮುಂದೆ ಅನ್‌ಪ್ಲಗ್ಡ್ ಎಂದಿದ್ದರೆ, ಲ್ಯಾಪ್‌ಟಾಪ್ ಕೇಳಿದಾಗ ಟಿವಿ ಉತ್ತರ ಕೊಟ್ಟಿಲ್ಲ ಎಂದರ್ಥ. ಟಿವಿ ತನಗೆ ಯಾವ ಅಳತೆ, ಯಾವ ಶಬ್ದ ಒಗ್ಗುತ್ತದೆ ಎಂಬುದನ್ನು ಇಡಿಐಡಿ ಎಂಬ ಸಣ್ಣ ಮಾಹಿತಿಯಾಗಿ ಅದೇ ಕೇಬಲ್‌ನಲ್ಲಿ ಕಳಿಸುತ್ತದೆ. ಹಾಗಾಗಿ ಮೊದಲು ಟಿವಿ ಆನ್ ಮಾಡಿ, ಎಚ್‌ಡಿಎಂಐ ಸೋರ್ಸ್ ಆರಿಸಿ, ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡುವ ಕ್ರಮ ಒಳ್ಳೆಯದು. ಅಗ್ಗದ ವಿಜಿಎ ಕೇಬಲ್‌ಗಳಲ್ಲಿ ಈ ಮಾಹಿತಿ ಒಯ್ಯುವ 12 ಮತ್ತು 15ನೇ ಪಿನ್‌ಗಳ ವೈರನ್ನೇ ಹಾಕಿರುವುದಿಲ್ಲ. ವಿಜಿಎಯಲ್ಲಿ ಸರಿಯಾದ ಅಳತೆಯೇ ಸಿಗದಿರುವುದಕ್ಕೆ ಬಹಳ ಸಲ ಇದೇ ಕಾರಣ.

ಹಳೇ ಲ್ಯಾಪ್‌ಟಾಪ್‌ನ ನಿಜವಾದ ಮಿತಿ ಇರುವುದು ಕುಗ್ಗಿಸಿಟ್ಟ ವಿಡಿಯೋವನ್ನು ಬಿಚ್ಚುವ ಚಿಪ್‌ನಲ್ಲಿ. 2010ರ ನಂತರದ ಇಂಟೆಲ್ ಗ್ರಾಫಿಕ್ಸ್ ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೋವನ್ನು ಲೀಲಾಜಾಲವಾಗಿ ಬಿಚ್ಚುತ್ತದೆ. ಅದರ ನಂತರದ ವಿಧಾನಗಳಲ್ಲಿ ಎಚ್‌ಇವಿಸಿಗೆ 2015ರ 6ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಬೇಕು, ವಿಪಿ9ಕ್ಕೆ ಅದರ ಮುಂದಿನದು, ಎವಿ1ಕ್ಕೆ 11ನೇ ತಲೆಮಾರು. ಯೂಟ್ಯೂಬ್ ಕಳಿಸುವುದು ಹೆಚ್ಚಾಗಿ ಕೊನೆಯ ಎರಡನ್ನು. ಚಿಪ್‌ಗೆ ಬಾರದ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ, ಫ್ಯಾನ್ ಕಿರುಚುತ್ತದೆ, ಚಿತ್ರ ತಡವರಿಸುತ್ತದೆ. ಜನ ಆಗ ನೆಟ್ ನಿಧಾನ ಅಂತ ಬೈಯುತ್ತಾರೆ. ಫೈರ್‌ಫಾಕ್ಸ್‌ಗೆ ಎನ್‌ಹಾನ್ಸ್ಡ್ ಎಚ್264ಇಫೈ ಎಂಬ ಆಡ್‌ಆನ್ ಹಾಕಿದರೆ ಯೂಟ್ಯೂಬ್ ಎಚ್.264 ಅನ್ನೇ ಕಳಿಸುತ್ತದೆ. ಅದು 1080ಪಿಗೆ ನಿಲ್ಲುತ್ತದೆ, ನಮ್ಮ ಟಿವಿಗೆ ಅಷ್ಟು ಸಾಕು. ಹಣ ಕೊಟ್ಟು ನೋಡುವ ಓಟಿಟಿಗಳ ವಿಷಯದಲ್ಲಿ ನಿರೀಕ್ಷೆ ಕಡಿಮೆ ಇರಲಿ. ನಕಲು ತಡೆಯಲು ಅವು ಹಾಕುವ ಬೀಗ ಮುಕ್ತ ತಂತ್ರಾಂಶವಲ್ಲ, ಲಿನಕ್ಸ್ ಬ್ರೌಸರ್‌ನಲ್ಲಿ ಕೆಲವು ಕಡಿಮೆ ಸ್ಪಷ್ಟತೆಯ ಚಿತ್ರವನ್ನಷ್ಟೇ ಕೊಡುತ್ತವೆ.

ಚಿಪ್‌ನ ಈ ಮಿತಿಯನ್ನು ದಾಟಲು ಒಂದು ಅಚ್ಚುಕಟ್ಟಾದ ಉಪಾಯವಿದೆ. ಟಿವಿ ಹೊಸದಾಗಿದ್ದರೆ ಅದರೊಳಗೆ ಎಚ್‌ಇವಿಸಿ ಬಿಚ್ಚುವ ಚಿಪ್ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಮಿನಿಡಿಎಲ್‌ಎನ್‌ಎ ಅಥವಾ ಗೆರ್ಬೆರಾ ಎಂಬ, ಮನೆಯ ನೆಟ್‌ವರ್ಕ್‌ನಲ್ಲಿ ವಿಡಿಯೋ ಹಂಚುವ ತಂತ್ರಾಂಶ ಹಾಕಿ, ವಿಡಿಯೋ ಫೋಲ್ಡರ್ ತೋರಿಸಿದರೆ, ಒಂದೇ ವೈಫೈನಲ್ಲಿರುವ ಟಿವಿಯ ಮೀಡಿಯಾ ಪ್ಲೇಯರ್‌ನಲ್ಲಿ ಆ ಫೋಲ್ಡರ್ ಕಾಣಿಸುತ್ತದೆ. ಲ್ಯಾಪ್‌ಟಾಪ್ ಫೈಲನ್ನು ಇದ್ದಂತೆಯೇ ಕಳಿಸುತ್ತದೆ, ಬಿಚ್ಚುವ ಕಷ್ಟ ಟಿವಿಯದ್ದು. ಕೇಬಲ್ ಬೇಡ, ಲ್ಯಾಪ್‌ಟಾಪ್ ಒಳಕೋಣೆಯಲ್ಲೇ ಇರಬಹುದು, ಅದರ ಪರದೆ ಒಡೆದಿದ್ದರೂ ಚಿಂತೆಯಿಲ್ಲ.

ಡಿವಿಡಿಗಳಿಗೆ ಬರೋಣ. ಈ ಜೋಡಣೆ ಸಾರ್ಥಕ ಅನ್ನಿಸುವುದು ಇಲ್ಲೇ. ಸ್ಟುಡಿಯೋದವರು ಮಾಡಿಕೊಟ್ಟ ಮದುವೆ, ನಾಟಕದ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ, ವಿಎಲ್‌ಸಿಯಲ್ಲಿ ನೇರವಾಗಿ ತೆರೆಯುತ್ತವೆ. 1996ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳು ಶುರು ಮಾಡಿದ ಈ ಪ್ಲೇಯರ್ ಇವತ್ತಿಗೂ ಖಾತೆ ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ತೆರೆದಾಗ ಪಾತ್ರಧಾರಿಯ ಗದೆ, ಕಿರೀಟ ಅಲುಗಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತವೆ. ಡಿಸ್ಕ್ ಕೆಟ್ಟಿಲ್ಲ. ಆಗಿನ ಕ್ಯಾಮೆರಾ ಸೆಕೆಂಡಿಗೆ 50 ಅರ್ಧಚಿತ್ರ ಹಿಡಿಯುತ್ತಿತ್ತು, ಒಂದರಲ್ಲಿ ಬೆಸ ಗೆರೆ, ಮುಂದಿನದರಲ್ಲಿ ಸಮ ಗೆರೆ. ಈಗಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಚಲನೆ ಸೀಳಿದಂತಾಗುತ್ತದೆ. ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ವಿಧಾನದಲ್ಲಿ ಯಾಡಿಫ್ 2ಎಕ್ಸ್ ಆರಿಸಿ. ಜೊತೆಗೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಟಿವಿಯ ವೇಗವನ್ನು 60ರಿಂದ 50 ಹರ್ಟ್ಸ್‌ಗೆ ಇಳಿಸಿದರೆ ಸೆಕೆಂಡಿಗೆ 50 ಬರುವುದು 50ರಲ್ಲೇ ಕೂರುತ್ತದೆ, ಕ್ಯಾಮೆರಾ ಸಭೆಯ ಮೇಲೆ ಹಾಯುವಾಗ ಆಗುವ ಕುಲುಕು ನಿಲ್ಲುತ್ತದೆ. ಚಿತ್ರ 4:3ರದ್ದಾದರೆ ಎರಡು ಪಕ್ಕ ಕಪ್ಪು ಪಟ್ಟಿ ಬರಲಿ, ಹಿಗ್ಗಿಸಬೇಡಿ. ಅಜ್ಜಿಯ ಮುಖ ಅಜ್ಜಿಯ ಮುಖದಂತೆಯೇ ಕಾಣಬೇಕು. ಮಾತಿಗೂ ತುಟಿಗೂ ಹೊಂದದಿದ್ದರೆ ಜೆ ಮತ್ತು ಕೆ ಕೀಗಳನ್ನು ಒತ್ತಿ. ಒಂದೊಂದು ಒತ್ತಿಗೆ ಶಬ್ದ 50 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಯುತ್ತದೆ.

ಡಿಸ್ಕ್ ಒಮ್ಮೆ ಓಡಿತು ಅಂತ ಸುಮ್ಮನಾಗಬಾರದು. ಬರೆಯುವ ಡಿವಿಡಿಯಲ್ಲಿ ಮಾಹಿತಿ ನಿಂತಿರುವುದು ಬಣ್ಣದ ಒಂದು ತೆಳು ಪದರದ ಮೇಲೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಂಕಾಗುತ್ತದೆ. ಮೊದಲು ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ವೃತ್ತಾಕಾರದಲ್ಲಿ ಒರೆಸಿ ಗೀರಾದರೆ ಅದು ಮಾಹಿತಿಯ ಸಾಲಿನ ಉದ್ದಕ್ಕೂ ಬೀಳುತ್ತದೆ, ಅದನ್ನು ಡ್ರೈವ್ ಸರಿಪಡಿಸಿಕೊಳ್ಳಲಾರದು. ಆಮೇಲೆ ಇಡೀ ಡಿಸ್ಕನ್ನು ಐಎಸ್‌ಒ ಫೈಲಾಗಿ ನಕಲು ಮಾಡಿ. ಒಂದು ಪದರದ ಡಿಸ್ಕ್‌ಗೆ ಹೆಚ್ಚೆಂದರೆ 4.7 ಜಿಬಿ ಹಿಡಿಯುತ್ತದೆ, ರಾತ್ರಿಯಿಡೀ ನಡೆದ ನಾಟಕ ನಾಲ್ಕೈದು ಡಿಸ್ಕ್ ಇರಬಹುದು. ನಕಲು ಇಡುವ ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಸಾಮಾನ್ಯ ನಕಲು ನಡುವೆ ನಿಂತರೆ, ಕೆಟ್ಟ ಡಿಸ್ಕ್‌ನಿಂದ ಮಾಹಿತಿ ಎತ್ತುವ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ. ಬ್ಲಾಕ್ ಅಳತೆ 2048 ಬೈಟ್ ಕೊಡಬೇಕು, ಡಿವಿಡಿಯ ಸೆಕ್ಟರ್ ಅಷ್ಟೇ ಇರುವುದು. ಮೊದಲ ಸುತ್ತಿನಲ್ಲಿ ಅದು ಕೆಟ್ಟ ಜಾಗದಲ್ಲಿ ಕಾಲಹರಣ ಮಾಡದೆ ಒಳ್ಳೆಯದನ್ನೆಲ್ಲ ಬಾಚಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಬಿಟ್ಟುಹೋದ ಜಾಗಗಳನ್ನು ಮೂರು ಸಲ ಮತ್ತೆ ಓದಲು ಹೇಳಬೇಕು. ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದನ್ನು ಅದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆದ್ದರಿಂದ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಡಿಸ್ಕನ್ನು ಇನ್ನೊಂದು ಲ್ಯಾಪ್‌ಟಾಪ್‌ನ ಡ್ರೈವ್‌ಗೆ ಹಾಕಿದರೆ, ಮೊದಲಿನ ಡ್ರೈವ್ ಓದಲಾರದ ಜಾಗವನ್ನು ಎರಡನೆಯದು ಓದಿಬಿಡುವುದೂ ಉಂಟು. ಲೇಸರ್‌ಗಳ ಶಕ್ತಿ ಒಂದೇ ಸಮ ಇರುವುದಿಲ್ಲ. ನೆರೆಮನೆಯ ಹಳೇ ಲ್ಯಾಪ್‌ಟಾಪನ್ನೂ ಒಂದು ದಿನಕ್ಕೆ ಕೇಳಿ ತನ್ನಿ.

ಫೋನಿನಲ್ಲೂ ನೋಡಬೇಕೆಂದರೆ ಐಎಸ್‌ಒ ಫೈಲನ್ನು ಹ್ಯಾಂಡ್‌ಬ್ರೇಕ್ ಎಂಬ, ವಿಡಿಯೋದ ರೂಪ ಬದಲಿಸುವ ತಂತ್ರಾಂಶದಲ್ಲಿ ತೆರೆದು ಫಾಸ್ಟ್ 576ಪಿ25 ಪ್ರೀಸೆಟ್ ಆರಿಸಿ, ಗುಣಮಟ್ಟ ಆರ್‌ಎಫ್ 20 ಇಡಿ. ಡಿಇಂಟರ್‌ಲೇಸ್‌ನಲ್ಲಿ ಬಾಬ್ ಎಂಬುದನ್ನು ಆರಿಸಿ ಫ್ರೇಮ್ ರೇಟ್ 50 ಕೊಟ್ಟರೆ ಕುಣಿತದ ನಯ ಉಳಿಯುತ್ತದೆ. ಕೋರ್ 2 ಡ್ಯುಯೋ ಪ್ರೊಸೆಸರ್‌ಗೆ ಇದು ಭಾರದ ಕೆಲಸ, ವಿಡಿಯೋ ಎಷ್ಟು ಉದ್ದವೋ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ರಾತ್ರಿ ಸಾಲಾಗಿ ಹಚ್ಚಿ ಮಲಗಿ. ಲ್ಯಾಪ್‌ಟಾಪ್ ಹಾಸಿಗೆಯ ಮೇಲಿರಬಾರದು, ಮಣೆಯ ಮೇಲಿರಲಿ, ಮುಚ್ಚಳ ತೆರೆದಿರಲಿ. ಕೆಲವು ಲ್ಯಾಪ್‌ಟಾಪ್‌ಗಳ ಬಿಸಿ ಕೀಬೋರ್ಡ್ ಸಂದಿಯಿಂದಲೂ ಹೊರಹೋಗಬೇಕು. ರಾಗಿ ಒಕ್ಕಣೆಯ ಧೂಳು ಸೇರಿ ಗಾಳಿಯ ಕಿಂಡಿ ಕಟ್ಟಿದ್ದರೆ ಬ್ರಷ್‌ನಿಂದ ತೆಗೆದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ.

ಕೂತಲ್ಲಿಂದ ನಡೆಸಲು ಟಿವಿ ರಿಮೋಟ್ ಸಾಲದು. ಎಚ್‌ಡಿಎಂಐಯಲ್ಲಿ ರಿಮೋಟ್‌ನ ಆಜ್ಞೆ ಸಾಗಿಸುವ ಸಿಇಸಿ ಎಂಬ ಎಳೆಯಿದೆ, ಲ್ಯಾಪ್‌ಟಾಪ್‌ಗಳು ಅದನ್ನು ಸಾಮಾನ್ಯವಾಗಿ ಕೇಳಿಸಿಕೊಳ್ಳುವುದಿಲ್ಲ. ಕೆಡಿಇ ಕನೆಕ್ಟನ್ನು ಲ್ಯಾಪ್‌ಟಾಪ್ ಮತ್ತು ಫೋನ್ ಎರಡರಲ್ಲೂ ಹಾಕಿ, ಒಂದೇ ವೈಫೈನಲ್ಲಿ ಜೋಡಿ ಮಾಡಿದರೆ ಫೋನಿನ ಪರದೆಯೇ ಮೌಸು. ಹಿರಿಯರಿಗೆ ಕೋಡಿ ಎಂಬ ಪ್ಲೇಯರ್ ಹೆಚ್ಚು ಸುಲಭ, ದೊಡ್ಡ ಅಕ್ಷರ, ಪಟ್ಟಿ, ನಾಲ್ಕು ಬಾಣದ ಕೀಲಿಯಲ್ಲಿ ಎಲ್ಲ ಸಿಗುತ್ತದೆ. ನೋಡುತ್ತಿದ್ದಂತೆ ಪರದೆ ಆರಿಹೋಗದಿರಲು ಪವರ್ ಮ್ಯಾನೇಜರ್‌ನಲ್ಲಿ ಪ್ರೆಸೆಂಟೇಷನ್ ಮೋಡ್ ಆನ್ ಮಾಡಿಡಿ.

ನಕಲು ಮಾಡಿದ ಫೈಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಿ. ಲಿನಕ್ಸ್‌ನಲ್ಲಿ ಅದಕ್ಕೆ ತೊಡಕಿಲ್ಲ, ನೋಟೊ ಸಾನ್ಸ್ ಕನ್ನಡದ ಜೊತೆಗೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ. ಹೆಸರಿನ ಮೊದಲಿಗೆ ಇಸವಿ ಬರಲಿ, ಆಮೇಲೆ ಊರು, ಆಮೇಲೆ ಸಂದರ್ಭ, ಕೊನೆಗೆ ಡಿಸ್ಕ್ ಸಂಖ್ಯೆ. ಹಾಗಿಟ್ಟರೆ ಪಟ್ಟಿ ತಾನಾಗಿ ಕಾಲಕ್ರಮದಲ್ಲಿ ಕೂರುತ್ತದೆ. ನಾಟಕದ ಫೋಲ್ಡರ್‌ನಲ್ಲಿ ಒಂದು ಪಠ್ಯ ಫೈಲ್ ಮಾಡಿ, ಯಾವ ಪಾತ್ರ ಯಾರು ಮಾಡಿದ್ದರು, ಹಾರ್ಮೋನಿಯಂ ಮೇಷ್ಟ್ರು ಯಾರು ಎಂಬುದನ್ನು ಬರೆದಿಡಿ. ಟಿವಿಯಲ್ಲಿ ನೋಡುವಾಗಲೇ ಮನೆಯ ಹಿರಿಯರನ್ನು ಪಕ್ಕ ಕೂರಿಸಿಕೊಂಡು, ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕೇಳಿ ಬರೆದುಕೊಳ್ಳಬೇಕು. ಇಡೀ ಫೋಲ್ಡರನ್ನು ಎರಡು ಹಾರ್ಡ್‌ಡಿಸ್ಕ್‌ಗೆ ಹಾಕಿ, ಒಂದನ್ನು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿಡಿ.